ನಾಯಿಮರಿ ಕಡೆಯವರು ಮನಿ ನೋಡಾಕ ಬಂದಿದ್ರು

ಮೊನ್ನೆ ರೇಷನ್ ಕಾರ್ಡ್ ಹುಡುಕ್ಯಾಡಕೋತ ನಮ್ಮ ಅತ್ತಿಯವರ ಸ್ಟೀಲ್ ಡಬ್ಬಿ ತಗದ್ನಿ. ಆ ಡಬ್ಬಿಯಾಗ ರೇಷನ್ ಕಾರ್ಡ್ ಒಂದು ಬಿಟ್ಟು ಎಲ್ಲಾ ಇರ್ತದ ನೋಡ್ರಿ. ಇಬ್ಬರು ನಾದಿನಿಯರಿಗೆ ಬಂದ ಗಂಡಿನ ಬಯೋಡಾಟಾ, ಬ್ಯಾಡ ಅಂದ ಗಂಡಿನ ಬಯೋಡಾಟಾ, ನನ್ನ ಮದುವಿ ಮುಂಚಿನ ಒಂದು ಫೋಟೋ. ಆ ಫೋಟೋದಾಗ ನಾ ಈಗಷ್ಟ ಹೊಡತ ತಿಂದು ಬಂದಂಗ ಕುಂತೀನಿ. ಇವೆಲ್ಲದರ ನಡಬರಕ ನಾಕು ಮೂಲಿಗೆ ಅರಿಶಿಣ ಹಚ್ಚಿದ ಒಂದು ಕಾಗದ ಸಿಕ್ತು. ಅಕ್ಷರ ನಂದ. ಹೇಳಿ ಬರಸಿದಾವ್ರು ಅತ್ತಿಯವರು.

ಹೆಸರು: ಇನ್ನೂ ಇಟ್ಟಿಲ್ಲ. ತಾಯಿ: ಗಂಗಾ, ಸುರಪುರ. ತಂದಿ: ಹುಣಸಗಿ ಕಡ್ಯಾವ. ಬಣ್ಣ: ಗೋಧಿ. ಎತ್ತರ: ಒಂದು ಗೇಣು. ಒಡಹುಟ್ಟಿದವರು: ಐದು. ಸ್ವಭಾವ: ಮೃದು, ಎಲ್ಲರ ಜೋಡಿ ಹೊಂದಿಕೊಂಡು ಹೋಗ್ತಾಳ.

ಅದು ನಾಯಿಮರಿ ಬಯೋಡಾಟಾ. ನಗಬ್ಯಾಡ್ರಿ. ಆವಾಗ ನಮ್ಮ ಮನ್ಯಾಗ ಯಾರೂ ನಕ್ಕಿದ್ದಿಲ್ಲ. ನಾನೂ ನಕ್ಕಿದ್ದಿಲ್ಲ, ಪೆನ್ನು ಝಾಡಿಸಿ ಝಾಡಿಸಿ ಬರಕೊಂಡಿದ್ನಿ.

ನಾ ಶಹಾಪುರದಾಗ ಮನ್ಯಾಗ ಬ್ಲೌಸ್ ಹೊಲಿತೀನಿ. ನಮ್ಮ ಮನಿಯವರದು ನೀರೆತ್ತೋ ಮೋಟಾರ್ ರಿಪೇರಿ ಅಂಗಡಿ. ಮಗಳು ಗೌರಿ, ಆವಾಗ ಒಂಬತ್ತು ವರ್ಷದಾಕಿ. ಮಗ ಚನ್ನು, ನಾಕು ವರ್ಷದಾವ. ಒಂದಿನ ಗೌರಿ ನಾಯಿ ಬೇಕಂತ ಅಳಾಕತ್ತಿದ್ಲು. ಇವರು ಊಟದ ಮುಂದ ಕುಂತಾವ್ರು, ಬಾಯಾಗ ತುತ್ತು ಇಟಗೊಂಡ ಅಂದ್ರು: "ಇಪ್ಪತ್ತರ ತನಕ ಮಗ್ಗಿ ಒಪ್ಪಸು, ನಾಯಿ ತಂದು ಕೊಡ್ತೀನಿ." ಅವರ ಲೆಕ್ಕದಾಗ ಅದು ಇಲ್ಲ ಅಂದಂಗ. ಯಾಕಂದ್ರ ಅವರಿಗೇ ಹದಿಮೂರರ ಮಗ್ಗಿ ಇವತ್ತಿಗೂ ಬರಂಗಿಲ್ಲ. ಆದ್ರ ಹುಡುಗಿ ಹಠಕ್ಕ ಬಿದ್ದಳು. ಜಳಕಕ್ಕ ಹೋದ್ರ ಹದಿನೇಳರ ಮಗ್ಗಿ, ಜಡಿ ಹಾಕೋ ಮುಂದ ಹತ್ತೊಂಬತ್ತರದು. ಒಂದು ತಿಂಗಳದಾಗ ಅಪ್ಪನ ಮುಂದ ಕೈ ಕಟಗೊಂಡು ನಿಂತು ಇಪ್ಪತ್ತರ ತನಕ ಗಡಗಡ ಒಪ್ಪಿಸಿಬಿಟ್ಟಳು. ತಪ್ಪು ಹಿಡಿಯಾಕ ಇವರಿಗೆ ಮಗ್ಗಿ ಬರಬೇಕಲ್ರಿ? ಮಾತು ಕೊಟ್ಟಾಗಿತ್ತು. ಇನ್ನ ನಾಯಿ ತರಲಾರದ ಇದ್ರ ಆ ಹುಡುಗಿ ಮುಂದ ನಮ್ಮಿಬ್ಬರ ಮಾರಿ ಉಳಿಯಂಗಿದ್ದಿಲ್ಲ.

ನಾ ಹುಟ್ಟಿ ಬೆಳದದ್ದು ಯಾದಗಿರಿಯಾಗ, ಸ್ಟೇಷನ್ ಹತ್ತಿರದ ಓಣಿ. ನಾವೂ ನಾಯಿ ಜೋಡಿನೇ ಬೆಳದೀವಿ, ಆದ್ರ ನಾಯಿ ಆರಿಸೋದು ಅಂತ ಒಂದು ಇರ್ತದ ಅನ್ನೋದ ಗೊತ್ತಿದ್ದಿಲ್ಲ. ನಾಯಿನೇ ಮನಿ ಆರಿಸ್ತಿತ್ತು. ಯಾರ ಮನಿ ರೊಟ್ಟಿ ದಪ್ಪ ಇರ್ತಿತ್ತೋ ಅವರ ಕಟ್ಟಿ ಮ್ಯಾಲ ಬಂದು ಬೀಳ್ತಿತ್ತು. ಓಣ್ಯಾಗ ಮೂರು ನಾಯಿ, ಮೂರರ ಹೆಸರೂ ಟೈಗರ್. ಒಂದಕ್ಕ ಕರದ್ರ ಮೂರೂ ಬರ್ತಿದ್ದವು, ಬೈದ್ರ ಮೂರೂ ಹೋಗ್ತಿದ್ದವು. ಅದರಾಗ ಕುಂಟ ಟೈಗರ್ ಮುಂಬೈ ಕಡಿ ಹೋಗೋ ಗಾಡಿಗೆ ಅಷ್ಟ ಬೊಗಳ್ತಿತ್ತು, ಮದ್ರಾಸ್ ಕಡಿ ಹೋಗೋದಕ್ಕ ಇಲ್ಲ. ನಮ್ಮಪ್ಪ ಮನ್ಯಾಗ ಕುಂತ, ಬೊಗಳೋದು ಕೇಳಿ, "ಹಾಂ, ಮುಂಬೈ ಗಾಡಿ ಹೊಂಟ್ತು" ಅಂತ ಗಡಿಯಾರ ಸರಿ ಮಾಡಕೊಳ್ತಿದ್ದ. ಆಗ ಜಾತಿ ಕೇಳೋದು ಮಂದಿಗೆ ಅಷ್ಟ ಇತ್ರಿ. ನಾಯಿಗೆ ಯಾರೂ ಕೇಳ್ತಿದ್ದಿಲ್ಲ.

ಈಗ ಹಂಗಲ್ಲ. ನಮ್ಮ ಮನಿಯವರು ಅಂಗಡಿಯಾಗ ಬಿಚ್ಚಿದ ಮೋಟಾರ್ ಹಂಗ ಬಿಟ್ಟು, "ಸಣ್ಣ ಹುಡುಗರಿರೋ ಮನಿಗೆ ಯಾವ ತಳಿ ಛಲೋ" ಅಂತ ಮೊಬೈಲ್‌ನಾಗ ಮುಳುಗಿಬಿಟ್ರು. ರೈತರು ಬಂದು "ನೀರಿಲ್ಲದ ಹತ್ತಿ ಒಣಗಾಕತ್ತದಪ್ಪಾ, ನಮ್ಮ ಮೋಟಾರ್ ಏನಾತು" ಅಂದ್ರ, "ಬೀಗಲ್ ಭಾಳ ಗದ್ದಲ ಮಾಡತದಂತ ಕಾಕಾ" ಅನ್ನೂವಷ್ಟು. ಮನಿಗೆ ಬಂದು ಒಂದೊಂದ ಚಿತ್ರ ಅತ್ತಿಯವರಿಗೆ ತೋರಸಾವ್ರು. ನಮ್ಮ ಅತ್ತಿಯವರು ಇಬ್ಬರು ಹೆಣ್ಣುಮಕ್ಕಳನ್ನ ಕೊಟ್ಟಾರ, ನನ್ನನ್ನ ತಂದಾರ, ಓಣಿ ತುಂಬ ಎಷ್ಟೋ ಸಂಬಂಧ ಕೂಡಿಸ್ಯಾರ. ಚಾಳೀಸು ಏರಿಸಿ, ಕಾಲು ಚಾಚಿ ಕುಂತು, ಮದುವಿ ವಿಚಾರ ಮಾಡಿದಂಗ ವಿಚಾರ ಮಾಡಾವ್ರು.

"ಇದು ಪಗ್ ಅಂತ. ಹುಡುಗರಿಗೆ ಭಾಳ ಹೊಂದತದಂತ."

"ಮಾರಿ ನೋಡೋ ಅದರದು. ದಿನಾ ಅತ್ತಂಗ ಅದ. ನಮ್ಮ ಮನ್ಯಾಗ ತ್ರಾಸ ಕೊಡ್ತಾರಂತ ಮಂದಿ ಮಾತಾಡ್ತಾರ. ಮುಂದಿಂದು ತೋರಸು."

"ಜರ್ಮನ್ ಶೆಫರ್ಡ್."

"ದೂರದ ಸಂಬಂಧ ಬ್ಯಾಡ."

ಮುಧೋಳ ನಾಯಿ ತೋರಿಸಿದ್ರ, ಇಷ್ಟು ಒಣಗೇದ, ನಾವು ಉಣ್ಣಾಕ ಹಾಕಂಗಿಲ್ಲ ಅಂತಾರ ಅಂದ್ರು. ಹಸ್ಕಿ ನೋಡಿ ಅವರಿಗೇ ಬೆವರು ಬಂತು. ಈ ಬಿಸಲಾಗ ಅದಕ್ಕ ಉಲ್ಲನ್ ಕೋಟು ಯಾರು ಹೊಲಿಸ್ಯಾರ ಅಂತ ನನ್ನ ಕಡಿ ನೋಡಿದ್ರು, ನಾನ ಹೊಲದಂಗ. ಗ್ರೇಟ್ ಡೇನ್ ಬಂದಾಗ ಮಾತ್ರ ನಾ ಅಡಗಿ ಮನಿಯಿಂದ ಒದರಿದ್ನಿ: "ಇದಕ್ಕ ದಿನಾ ರೊಟ್ಟಿ ಬಡಿಯಾವ್ರ್ಯಾರು? ಅದನ್ನ ತಂದ ದಿನ ನಾ ತವರುಮನಿಗೆ ಹೋಗ್ತೀನಿ!" ಇವರು ಜರಾ ಹೊತ್ತು ಆ ಚಿತ್ರ ಹಂಗ ನೋಡಕೋತ ಕುಂತ್ರು. ಏನು ವಿಚಾರ ಮಾಡಾಕತ್ತಿದ್ರೋ ಆ ದೇವರಿಗೇ ಗೊತ್ತು.

ಇಷ್ಟೆಲ್ಲಾ ತೂಗಿ ಅಳದು ನೋಡೋದರಾಗ ಎಲ್ಲರೂ ಕೇಳ್ತಿದ್ದ ಪ್ರಶ್ನಿ ಒಂದ: "ಕಚ್ಚಂಗಿಲ್ಲಲ್ಲ?" ಈ ಪ್ರಶ್ನಿ ಕೇಳೋ ಹಕ್ಕು ನಮಗ ಇತ್ತೋ ಇಲ್ಲೋ, ಅದೇ ಬ್ಯಾರೆ ಮಾತು. ಯಾಕಂದ್ರ ನಮ್ಮ ಮನ್ಯಾಗ ಕಚ್ಚಾವ ಮೊದಲ ಒಬ್ಬ ಇದ್ದ.

ಚನ್ನು. ಮುದ್ದಾಗಿ ಗುಂಡಗ ಇದ್ದ. ಆದ್ರ ಸಿಟ್ಟು ಬಂದ್ರ ಬಾಯಿ, ಖುಷಿ ಆದ್ರ ಬಾಯಿ. ಬಳಿಗಾರನಿಗೆ ಕಚ್ಚಿದ್ದ. ಸೂಜಿ ಮಾಡಾಕ ಬಂದ ಕಂಪೌಂಡರ್‌ಗೆ ಸೂಜಿಗಿಂತ ಮೊದಲ ಕಚ್ಚಿದ್ದ. ಅಳತಿ ಕೊಡಾಕ ಬಂದಾವ್ರು ಬಾಗಲಾಗ ನಿಂತು, "ಹುಡುಗನ್ನ ಕಟ್ಟೀರೇನ್ರಿ?" ಅಂತ ಕೇಳಿ ಒಳಗ ಬರ್ತಿದ್ರು. ನಾವು ನಗ್ತಿದ್ವಿ. ಅತ್ತಿಯವರಂತೂ, "ಹಲ್ಲು ಗಟ್ಟಿ ಅವ, ಅವರ ಮುತ್ಯಾನವು ಬಂದಾವ" ಅಂತ ಹೆಮ್ಮಿ ಪಡ್ತಿದ್ರು.

ಮೊದಲನೇ ನಾಯಿ ನೋಡಾಕ ಯಾದಗಿರಿಗೆ ಹೋದ್ವಿ. ನೋಟಬುಕ್ಕಿನ ಅಂಗಡಿಯವರ ಮನ್ಯಾಗ ಒಂದು ಪೊಮೇರಿಯನ್ ಇತ್ತು, ಬ್ಯಾರೆ ಊರಿಗೆ ಹೊಂಟಿದ್ರು, ಕೊಡ್ತೀವಿ ಅಂದಿದ್ರು. ನೋಡಾಕ ಹೋಗೋ ಮಂದಿ ಬೆಸ ಸಂಖ್ಯಾ ಇರಬೇಕು, ಮೂರು ಬ್ಯಾಡ, ಐದು ಇರಬೇಕು ಅಂತ ಅತ್ತಿಯವರ ಕಟ್ಟುನಿಟ್ಟು. ಹಂಗಾಗಿ ಚನ್ನುನೂ ಬಂದ. ಅವರು ಚೂಡಾ ಕೊಟ್ರು, ಚಹಾ ಕೊಟ್ರು. ನಾಯಿ ಬಂತು, ಹಿಂಜಿದ ಹತ್ತಿ ಉಂಡಿ ಉರುಳಿ ಬಂದಂಗ. ಚನ್ನು ನೋಡಿದ. ಕೆಳಗ ಇಳದು, ನಾಕೂ ಕೈಕಾಲು ಊರಿ, ಅದರ ಮಾರಿಗೆ ಮಾರಿ ಕೊಟ್ಟು, "ಭೌ!" ಅಂದ. ಆ ನಾಯಿ ಮಂಚದ ಬುಡಕ ಹೋದದ್ದು ಹೋತು. ಬಿಸ್ಕೀಟ್ ತೋರಿಸಿದ್ರೂ ಬರಲಿಲ್ಲ, ಮಾಲಕರ ಹೆಂಡತಿ ಅಡ್ಡ ಮಲಗಿ ಕರದ್ರೂ ಬರಲಿಲ್ಲ. ಒಂದು ತಾಸು ಕುಂತು ಎದ್ದು ಬಂದ್ವಿ. ಮುಂದ ಅವರು ಫೋನೂ ಮಾಡ್ಲಿಲ್ಲ. ಬಸ್ಸಿನಾಗ ಅತ್ತಿಯವರು, "ಆ ನಾಯಿಗೆ ಸಂಸ್ಕಾರ ಇಲ್ಲ" ಅಂದ್ರು. ಗೌರಿ ಕಿಡಕಿ ಕಡಿ ಮಾರಿ ಮಾಡಿ ಕುಂತಿದ್ಲು, ಶಹಾಪುರ ಬರೋ ತನಕ ಈ ಕಡಿ ತಿರುಗಲಿಲ್ಲ.

ಎರಡನೇದು ಸುರಪುರದ್ದು. ಅಲ್ಲಿ ನೀಲಮ್ಮ ಸಿಸ್ಟರ್ ಅಂತ, ದವಾಖಾನಿಯಾಗ ನರ್ಸ್ ಇದ್ದು ರಿಟೈರ್ ಆದಾವ್ರು, ಗಂಗಾ ಅನ್ನೋ ಲ್ಯಾಬ್ರಡಾರ್ ಸಾಕಿದ್ರು. ಅದು ಆರು ಮರಿ ಹಾಕಿತ್ತು. ಸುರಪುರ ಗೊತ್ತಲ್ರಿ ನಿಮಗ, ಇಬ್ಬರಿಗೆ ಒಬ್ಬರು ನಮ್ಮ ಮುತ್ಯಾ ದರಬಾರದಾಗ ಇದ್ದ ಅಂತಾರ. ನಾಯಿ ಕಡೆಯವರೂ ಹಂಗ ಏನಾರ ಅಂದಾರು ಅಂತ ಅತ್ತಿಯವರು ಹೊಸಾ ಇಳಕಲ್ ಸೀರಿ ಉಟ್ಟು ತಯಾರಾದ್ರು. ಈ ಸಲ ಚನ್ನುನ್ನ ಬಾಜು ಮನ್ಯಾಗ ಬಿಟ್ವಿ. ನಾಕ ಮಂದಿ ಉಳದ್ವಿ. ಬೆಸ ಆಗ್ಲಿ ಅಂತ ಬಾಡಿಗಿ ಜೀಪಿನ ಡ್ರೈವರ್‌ನ್ನೂ ಒಳಗ ಕರಕೊಂಡು ಹೋದ್ವಿ. ಅವನೂ ಗಂಭೀರ ಆಗಿ ಚಾಪಿ ಮ್ಯಾಲ ಕುಂತು, ಸುಸಲಾ ತಿಂದು, ಮರಿ ಬಂದ ಕೂಡ್ಲೆ, "ಹೆಣ್ಣು ಲಕ್ಷಣ ಅದರಿ" ಅಂದ.

ಅತ್ತಿಯವರು ಮರಿನ್ನ ನಡಿಸಿ ನೋಡಿದ್ರು. ಹಲ್ಲು ನೋಡಿದ್ರು. ಹೆಸರು ಕರದ್ರ ತಿರುಗತದೇನು ಅಂತ ನೋಡೋಣು ಅಂದ್ರು. ಹೆಸರ ಇದ್ದಿಲ್ಲ, ಆದ್ರೂ ತಿರುಗ್ತು. ಅಷ್ಟರಾಗ ಅದು ಹೋಗಿ ಗೌರಿ ಪಾದದ ಮ್ಯಾಲ ಗದ್ದ ಇಟ್ಟು ನಿದ್ದಿ ಹೊಡಿಯಾಕತ್ತು. ಗೌರಿ ಕಾಲು ಜೋಮು ಹಿಡದ್ರೂ ಅಲ್ಲಾಡ್ಲಿಲ್ಲ. ಉಸರಾಡಾಕೂ ಹೆದರಿ ಕುಂತಿದ್ಲು ಕೂಸು.

"ನಿಮಗ ಇನ್ನೊಬ್ಬ ಹುಡುಗ ಅದಾನಂತಲ್ಲ, ಬಂದಿಲ್ಲೇನು?" ಅಂದ್ರು ಸಿಸ್ಟರ್.

"ಅವನಿಗೆ ನೆಗಡಿ" ಅಂದ್ರು ಅತ್ತಿಯವರು.

"ಮೈಯಾಗ ಜ್ವರ" ಅಂದ್ರು ನಮ್ಮ ಮನಿಯವರು. "ಸಾಲಿಗೆ ಹೋಗ್ಯಾನ" ಅಂದ್ನಿ ನಾನು. ಅವತ್ತು ರವಿವಾರ ಇತ್ತು.

ಸಿಸ್ಟರ್ ನಮ್ಮ ಮೂವರನ್ನೂ ಪಾಳಿ ಹಚ್ಚಿ ನೋಡಿದ್ರು. ಆಮ್ಯಾಲ ಸಾವಕಾಶ ಅಂದ್ರು: "ಆತು. ನೀವು ಹೆಣ್ಣು ನೋಡಿದ್ರಿ. ಇನ್ನ ನಾವು ಬಂದು ಮನಿ ನೋಡ್ತೀವಿ. ಹೆಣ್ಣು ಕೊಡಾವ್ರು ಮನಿ ನೋಡಲಾರದ ಕೊಡ್ತಾರೇನ್ರಿ?"

ಅತ್ತಿಯವರು ಏನಂದಾರು? ಪದ್ಧತಿ ಅವರದ. ತಮ್ಮ ಹೆಣ್ಣುಮಕ್ಕಳನ್ನ ಕೊಡೋ ಮುಂದ ಬೀಗರ ಮನಿ ಹಂಚು ಎಣಿಸಿ ಬಂದಾವ್ರು ಇವರು. "ಬರ್ರಿ, ಬರ್ರಿ" ಅಂದ್ರು, ಆದ್ರ ಮಾರಿ ಸಪ್ಪಗಾಗಿತ್ತು.

ಒಂದು ವಾರ ನಮ್ಮ ಮನ್ಯಾಗ ಸುಣ್ಣ ಬಣ್ಣ. ಮನಿ ತಯಾರಾತು, ಚನ್ನು ತಯಾರಾಗಬೇಕಲ್ಲ? ಗಂಡಿಗೆ ಐಬಿದ್ರ ಸಕ್ರಿ ತಿಂದು ಸಂಬಂಧ ಗಟ್ಟಿ ಆಗೋ ತನಕ ಬಾಯಿ ಬಿಡಬಾರದು, ಆಮ್ಯಾಲ ಎಲ್ಲಾ ಸರಿ ಆಗ್ತದ ಅಂತ ನಮ್ಮ ಮಂದಿ ನಂಬಿಕಿ ನಿಮಗೂ ಗೊತ್ತದ. ಅತ್ತಿಯವರು ಅದನ್ನ ಖರೇನ ಬಾಯಿಗೇ ಹಚ್ಚಿದ್ರು. ಬೆಲ್ಲದ ಪಾಕ ಗಟ್ಟಿ ಹಿಡಿಸಿ, ಶೇಂಗಾ ಹಾಕಿ, ಕಲ್ಲಿನಂಥಾ ಚಿಕ್ಕಿ ಮಾಡಿದ್ರು. "ಬಾಯಿ ಖಾಲಿ ಇದ್ರ ತಾನ ಕಚ್ಚೋದು? ಅವರು ಬಂದು ಹೋಗೋ ತನಕ ಇದನ್ನ ಹಾಕಕೋತ ಇರು" ಅಂತ ನನ್ನ ಕೈಯಾಗ ಡಬ್ಬಿ ಕೊಟ್ರು. ನಾ ಶಾಣ್ಯಾಕಿ ಅಂತ ತಿಳಕೊಂಡಾಕಿ, ಹೂಂ ಅಂದ್ನಿ ನೋಡ್ರಿ.

ಸಿಸ್ಟರ್ ಬಂದ್ರು. ಒಬ್ಬರೇ ಬರಲಿಲ್ಲ. ಗಂಗಾನ್ನೂ ಕರಕೊಂಡು ಬಂದ್ರು. "ಹೆಣ್ಣಿನ ತಾಯಿ ನೋಡಬ್ಯಾಡೇನ್ರಿ?" ಅಂದ್ರು. ಗಂಗಾ ಒಂದೊಂದ ಖೋಲಿ ಮೂಸಿ ನೋಡಿದ್ಲು. ದೇವರ ಖೋಲಿ ಹೊಸ್ತಲದಾಗ ನಿಂತು ಒಳಗ ಹಣಿಕಿದ್ಲು, ದಾಟಲಿಲ್ಲ. "ಎಷ್ಟು ಮರ್ಯಾದಿ ಅದ ನೋಡು ಬೀಗತಿಗೆ" ಅಂದ್ರು ಅತ್ತಿಯವರು, ಖರೇನ ಮನಸಿಗೆ ಹತ್ತಿ. ಸಿಸ್ಟರ್‌ಗೆ ಅರಿಶಿಣ ಕುಂಕುಮ ಕೊಟ್ರು. ಬಟ್ಟಲ ಹಿಡಕೊಂಡು ಜರಾ ಹೊತ್ತು ವಿಚಾರ ಮಾಡಿ, ಬಗ್ಗಿ, ಗಂಗಾನ ಹಣಿಗೂ ಹಚ್ಚಿದ್ರು. ಗಂಗಾ ಕಣ್ಣು ಮುಚ್ಚಿ ಹಚ್ಚಿಸಿಕೊಂಡಳು.

ಸಿಸ್ಟರ್ ಕೇಳೋದೆಲ್ಲಾ ಕೇಳಿದ್ರು. ಬ್ಯಾಸಿಗ್ಯಾಗ ನೆರಳು ಎಲ್ಲಿ, ನಳ ಎಷ್ಟು ದಿನಕ್ಕ ಬರ್ತದ, ಊರಿಗೆ ಹೋದ್ರ ಯಾರು ನೋಡ್ತಾರ. ಆಮ್ಯಾಲ, "ಹುಡುಗರನ್ನ ಕರೀರಿ" ಅಂದ್ರು.

ಚನ್ನು ಬಂದು ಕುಂತ. ಎರಡೂ ಗಲ್ಲ ಉಬ್ಬಿದ್ದವು, ತುಟಿ ಅಂಟಿಕೊಂಡಿದ್ದವು.

"ಏನಪ್ಪಾ ನಿನ್ನ ಹೆಸರು?"

"ಮ್ಮ್ಮ್."

"ಬಂಗಾರದಂಥಾ ಹುಡುಗ ರೀ. ಮಾತ ಆಡಂಗಿಲ್ಲ" ಅಂದ್ರು ಅತ್ತಿಯವರು.

ಗೌರಿ ಚಹಾದ ತಾಟು ಹಿಡಕೊಂಡು ಬಂದ್ಲು. ಜರಿ ಲಂಗ, ಉದ್ದ ತೋಳಿನ ಪೋಲಕಾ, ಎರಡು ಜಡಿ. ಸಿಸ್ಟರ್ ಬಾಜುಕ ಕುಂದ್ರಿಸಿಕೊಂಡ್ರು. "ಯವ್ವಾ, ಸುರಪುರದಾಗ ಅರ್ಧ ಮಂದಿ ನನ್ನ ಕೈಯಾಗ ಹುಟ್ಟ್ಯಾರ. ಅವರು ಹೆಂಗ ಬೆಳದಾರ ಅಂತ ನೋಡಿದ ಮ್ಯಾಲ ನಾ ನಾಯಿ ಸಾಕೀನಿ. ದೊಡ್ಡಾವ್ರು ಹೇಳಿದ್ದು ಕೇಳಿದೆ. ನೀ ಹೇಳು. ನನ್ನ ಮರಿ ಈ ಮನ್ಯಾಗ ಛಲೋ ಇರ್ತದೇನು?"

ಹೂಂ ಅಂದ್ರ ಮುಗೀತು. ಸಕ್ರಿ ಬಟ್ಟಲ ಬಾಜುಕ ಇತ್ತು. ಒಂದು ತಿಂಗಳು ಮಗ್ಗಿ ಬಾಯಿಪಾಠ ಮಾಡಿದ ಹುಡುಗಿ, ಒಂದು ಹೂಂ ಅನ್ನಾಕ ಏನು ತ್ರಾಸ? ನಾವು ಮೂವರೂ ಅಕಿ ಬಾಯಿ ನೋಡಕೋತ ಕುಂತ್ವಿ.

ಗೌರಿ ಗಂಗಾನ ಕಡಿ ನೋಡಿದ್ಲು. ತಲಿ ಬಗ್ಗಿಸಿ ಅಂದ್ಲು: "ಬ್ಯಾಡ್ರಿ. ಚನ್ನು ಕಚ್ಚತಾನ್ರಿ."

"ಏ ಹುಚ್ಚಿ, ಆಟದಾಗ…" ಅಂದ್ರು ಅತ್ತಿಯವರು.

"ಇಲ್ರಿ, ಖರೇನ ಕಚ್ಚತಾನ. ಮರಿಗೂ ಕಚ್ಚತಾನ. ಒಂದಿನ ಅದೂ ತಿರುಗಿ ಕಚ್ಚತದ. ಆಮ್ಯಾಲ ಎಲ್ಲರೂ ಮರಿನ್ನ ಬೈತಾರ್ರಿ. ಇವನಿಗೆ ಯಾರೂ ಏನೂ ಅನ್ನಂಗಿಲ್ಲ."

ಸಿಸ್ಟರ್ ಗೌರಿ ಕೈ ತಮ್ಮ ತೊಡಿ ಮ್ಯಾಲ ಇಟಗೊಂಡು, ಪೋಲಕಾದ ತೋಳು ಸಾವಕಾಶ ಮ್ಯಾಲ ಸರಿಸಿದ್ರು. ಮಣಿಕಟ್ಟಿನಿಂದ ಮೊಳಕೈ ತನಕ ಸಣ್ಣ ಸಣ್ಣ ಹಲ್ಲಿನ ಗುರುತು. ಕೆಲವು ಹಳೇವು, ಹಸರಾಗಿದ್ದವು. ಕೆಲವು ಹೊಸಾವು.

ನಾ ಊರಾಗಿನ ಎಲ್ಲಾ ಹೆಣ್ಣುಮಕ್ಕಳ ತೋಳು ಅಳದಾಕಿ. ಯಾರ ತೋಳು ದಪ್ಪ ಆಗ್ಯಾವ, ಯಾರು ಸೊರಗ್ಯಾರ, ಟೇಪ್ ಹಿಡದ್ರ ಹೇಳ್ತೀನಿ. ಎರಡು ತಿಂಗಳ ಹಿಂದ ಗೌರಿ, "ಅವ್ವಾ, ನನಗ ಉದ್ದ ತೋಳು ಇಡು" ಅಂದಾಗ ನಾ ಹಳೇ ಪೋಲಕಾದ ಅಳತಿ ಮ್ಯಾಲ ಹೊಲದು ಕೊಟ್ಟಿದ್ನಿ, ಹುಡುಗಿಗೆ ಫ್ಯಾಶನ್ ಬಂತಂತ ನಕ್ಕಿದ್ನಿ. ಮೊದಲ ಅಕಿ "ಅವ್ವಾ, ಚನ್ನು ಕಚ್ಚಿದ" ಅಂತ ಒದರ್ತಿದ್ಲು. ನಾ ಮಿಷನ್ ಕಾಲು ನಿಲ್ಲಸಲಾರದ ಅಂತಿದ್ನಿ, "ಸಣ್ಣಾವ ಅದಾನ, ನೀ ದೂರ ಸರಿ." ಆಮ್ಯಾಲ ಅಕಿ ಒದರೋದು ಬಿಟ್ಟಳು. ಇವ ಅಕ್ಕನಿಗೆ ಕಚ್ಚೋದು ಬಿಟ್ಟಾನ ಅಂತ ನಾ ತಿಳದಿದ್ನಿ. ನನಗ ನಾಚಿಕಿ ಆತು, ಬಂದ ಮಂದಿ ಮುಂದ ಅಲ್ಲ, ಆ ಕೂಸಿನ ಮುಂದ.

ಸಿಸ್ಟರ್ ತೋಳು ಕೆಳಗ ಇಳಿಸಿ, ಗುಂಡಿ ಹಾಕಿದ್ರು. "ಸಕ್ರಿ ತಗದು ಒಳಗ ಇಡ್ರಿ" ಅಂದ್ರು. "ಮರಿ ಕೊಡಂಗಿಲ್ಲ." ಬಾಗಲ ತನಕ ಹೋಗಿ ತಿರುಗಿದ್ರು. "ಮಾರೂದೂ ಇಲ್ಲ. ಅದು ಈ ಹುಡುಗಿದು, ನನ್ನ ಮನ್ಯಾಗ ಇರ್ತದ. ಪ್ರತಿ ರವಿವಾರ ಇಕಿನ್ನ ಕರಕೊಂಡು ಬರ್ರಿ. ಯಾವಾಗ ಕಳಸಬೇಕಂತ ನಾ ನೋಡ್ತೀನಿ." ಗಂಗಾ ಕುಂಕುಮ ಹಚಗೊಂಡು ಹಿಂದ ಹೋದ್ಲು. ಚನ್ನು ಆವಾಗ ಚಿಕ್ಕಿ ನುಂಗಿ ಮುಗಿಸಿ, ಬಾಯಿ ಖುಲ್ಲಾ ಆದದ್ದ ತಡ, ಕಳಸಾಕ ಎದ್ದ ಅವರಪ್ಪನ ಮೀನಗಂಡಕ್ಕ ಕಚ್ಚಿದ. ಇವರು ಒಂದು ಕಾಲ ಮ್ಯಾಲ ಕುಣಕೋತ ಸಿಸ್ಟರ್‌ಗೆ ಕೈ ಮುಗದ್ರು.

ಅವತ್ತಿನಿಂದ ನಾ ಏಳಾಕ ಕಲಿತ್ನಿ. ಕತ್ತರಿ ಕೈಯಾಗ ಇರ್ಲಿ, ಗಿರಾಕಿ ಮುಂದ ನಿಂತಿರ್ಲಿ, ಗೌರಿ ದನಿ ಕೇಳಿದ್ರ ಮಿಷನ್ ಬಿಟ್ಟು ಏಳ್ತಿದ್ನಿ. ಚನ್ನುನ ಗದ್ದ ಹಿಡದು, ಕಣ್ಣಾಗ ಕಣ್ಣಿಟ್ಟು, ಇಲ್ಲ ಅಂತಿದ್ನಿ. ಕಚ್ಚಿದ್ರ ತಣ್ಣೀರಾಗ ಅರಿವಿ ಹಿಂಡಿ ಅಕ್ಕನ ಕೈಗೆ ಅವನೇ ಹಚ್ಚಬೇಕು. ಮೊದಲ ದಿನ ಆ ಅರಿವಿಗೇ ಕಚ್ಚಿದ. ಗಂಡುಹುಡುಗನ್ನ ಹಿಂಗ ಕಾಡತಾರೇನು ಅಂತ ಅತ್ತಿಯವರು ನನ್ನ ಜೋಡಿ ಎರಡು ದಿನ ಮಾತು ಬಿಟ್ರು. ಬಿಡ್ಲಿ ಅಂದ್ನಿ. ಮೂರನೇ ದಿನ ಅವರಿಗೂ ಕಚ್ಚಿದ. ಅವರೂ ನನ್ನ ಕಡಿ ಆದ್ರು.

ರವಿವಾರ ನಾನೂ ಗೌರಿನೂ ಸುರಪುರದ ಬಸ್ಸು ಹಿಡೀತಿದ್ವಿ. ಮರಿ ಬೆಳೀತು, ಕಿವಿ ದೊಡ್ಡವಾದವು. ಮಳಿಗಾಲ ಹೋತು, ಹತ್ತಿ ಬಿಡಸೋದು ಸುರು ಆತು. ಅಂಥಾ ಒಂದು ರವಿವಾರ ಅತ್ತಿಯವರೂ ಬರ್ತೀನಿ ಅಂತ ಎದ್ರು. ಸಿಸ್ಟರ್ ಗೌರಿನ್ನ ಕಟ್ಟಿ ಮ್ಯಾಲ ಕುಂದ್ರಿಸಿಕೊಂಡು ಕೇಳಿದ್ರು: "ಮನಿ ಈಗ ಹೆಂಗ ಅದವಾ?"

ಅತ್ತಿಯವರು ಬಾಯಿ ತಗದ್ರು. ಸಿಸ್ಟರ್ ಕೈ ಎತ್ತಿ ತಡದ್ರು.

ಗೌರಿ, "ಪೂರಾ ಬಿಟ್ಟಿಲ್ರಿ ಅವ" ಅಂದ್ಲು. "ಒಮ್ಮೊಮ್ಮೆ ಕಚ್ಚತಾನ. ಆದ್ರ ಈಗ ನಾ ಕರದ್ರ ಅವ್ವ ಎದ್ದು ಬರ್ತಾಳ್ರಿ."

ಸಿಸ್ಟರ್ ಒಳಗ ಹೋಗಿ ಮರಿನ್ನ ತೆಕ್ಕಿ ತುಂಬ ಎತಗೊಂಡು ಬಂದು ಅಕಿ ಉಡ್ಯಾಗ ಹಾಕಿದ್ರು.